ಸಾರಿಸಬಾರದ ನೆಲ

ಮುನಿವೆಂಕಟಪ್ಪನ ಮನೆ ಮುಂದಿನ ಹುಣಸೆಮರದ ಕೆಳಗೆ ಆ ಗಾಡಿ ಬಂದು ನಿಂತ ಬೆಳಿಗ್ಗೆ ನಮ್ಮೂರಿನಲ್ಲಿ ಒಬ್ಬರೂ ಹೊತ್ತಿಗೆ ಸರಿಯಾಗಿ ರಾಗಿ ಕೊಯ್ಲಿಗೆ ಹೋಗಲಿಲ್ಲ. ಕುಡುಗೋಲು ಹಿಡಿದವರು ಹಿಡಿದ ಹಾಗೆಯೇ ಅದರ ಸುತ್ತ ಒಂದು ಸುತ್ತು ಬಂದರು. ಬಗ್ಗಿ ಅಡಿಯನ್ನು ನೋಡಿದರು. ಹಿಂದಿನ ಬಾಗಿಲುಗಳನ್ನು ತೆಗೆದು ಮುಚ್ಚಿ, ಮತ್ತೆ ತೆಗೆದು ಮುಚ್ಚಿ ಪರೀಕ್ಷೆ ಮಾಡಿದರು. ಲಾರಿಯಷ್ಟು ಎತ್ತರ, ಬಸ್ಸಿನ ಹಾಗೆ ಮುಚ್ಚಿದ ಮೈ, ಆದರೆ ಪಕ್ಕದಲ್ಲಿ ಕಿಟಕಿಗಳಿಲ್ಲ. ಮೈಮೇಲಿದ್ದ ಕೆಂಪು ಗುರುತನ್ನು ಯಾರೋ ಹಸಿರು ಬಣ್ಣ ಬಳಿದು ಅರೆಬರೆ ಮುಚ್ಚಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೆಂಗಳೂರಿನಲ್ಲಿ ಹರಾಜು ಹಾಕಿದ, ಗಾಯಾಳುಗಳನ್ನು ಸಾಗಿಸುವ ಗಾಡಿ ಅದು. ಹರಾಜಿನಲ್ಲಿ ಕೂಗಿ ತಂದವನು ಮುನಿವೆಂಕಟಪ್ಪನ ಕಿರಿಮಗ ಅಪ್ಪಯ್ಯಣ್ಣ.

"ಇದಕ್ಕೆ ನೊಗ ಎಲ್ಲಿ ಕಟ್ತೀಯಪ್ಪ?" ಎಂದು ಮುನಿವೆಂಕಟಪ್ಪ ಕೇಳಿದ. ಹಾಸ್ಯಕ್ಕೋ ನಿಜಕ್ಕೋ ಯಾರಿಗೂ ತಿಳಿಯಲಿಲ್ಲ. ಆ ಮನುಷ್ಯನ ಮಾತೇ ಹಾಗೆ.

"ನೊಗ ಬೇಡಪ್ಪ. ಪೆಟ್ರೋಲ್ ಕುಡಿಸಿದ್ರೆ ತಾನೇ ಹೋಗ್ತದೆ."

"ಕುಡಿಯೋದು ಕಲ್ತಿರೋದನ್ನ ಮನೆಗೆ ತಂದಿದ್ದೀಯ ಅನ್ನು."

ಅಪ್ಪಯ್ಯಣ್ಣ ಮದುವೆಯಾದ ವರ್ಷವೇ ಮಿಲಿಟರಿಗೆ ಡ್ರೈವರಾಗಿ ಸೇರಿ ಅಸ್ಸಾಮಿನ ಕಡೆಗೆ ಹೋದವನು. ಅವನ ಹೆಂಡತಿ ಪಿಳ್ಳಮ್ಮ ಜಡಿಗೇನಹಳ್ಳಿಯವಳು. ಗಂಡನ ಮುಖ ಸರಿಯಾಗಿ ಪರಿಚಯವಾಗುವ ಮೊದಲೇ ಅವನು ಹೊರಟುಹೋದ. ಅವಳು ಅತ್ತೆ ಅಮ್ಮಯಮ್ಮ, ಮಾವ, ಭಾವ ಗಂಗಣ್ಣ, ವಾರಗಿತ್ತಿ ಮುನಿತಾಯಮ್ಮ ಇವರ ನಡುವೆ ಉಳಿದಳು. ಅವಳನ್ನು ಯಾರೂ ಹಿಂಸಿಸಿದ್ದಿಲ್ಲ. ಆದರೆ ಗಂಡ ಊರಲ್ಲಿಲ್ಲದ ಸೊಸೆಯೆಂದರೆ ಮನೆಯವರಿಗೆಲ್ಲ ಬಿಡುವಾಗಿರುವ ಒಂದು ಜೊತೆ ಕೈ. ನೀರು ಸೇದುವುದಕ್ಕೆ ಪಿಳ್ಳಮ್ಮ, ಹಿಟ್ಟು ಬೀಸುವುದಕ್ಕೆ ಪಿಳ್ಳಮ್ಮ, ಬೆಳಗಿನ ಚಳಿಯಲ್ಲಿ ಪಡಸಾಲೆಯಿಂದ ಹಿತ್ತಿಲವರೆಗೆ ಸಗಣಿ ಹಾಕಿ ನೆಲ ಸಾರಿಸುವುದಕ್ಕಂತೂ ಪಿಳ್ಳಮ್ಮನೇ. ಐದು ವರ್ಷ ಹೀಗೆ ಕಳೆಯಿತು. ಯುದ್ಧ ಮುಗಿದು ಗಂಡ ಬಂದ. ಬಂದವನಿಗೆ ನೇಗಿಲಿನ ಹಿಂದೆ ನಡೆಯಲು ಮನಸ್ಸಾಗಲಿಲ್ಲ.

ಆ ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪಯ್ಯಣ್ಣ ವಿಷಯ ತೆಗೆದ. ಅವರೆಕಾಳಿನ ಸಾರು, ಬಿಸಿ ಮುದ್ದೆ. ಗಂಡಸರು ಮೂವರೂ ಕೂತಿದ್ದರು.

"ನೆಲಮಂಗಲದ ಕಡೆ ರಸ್ತೆ ಕಂಟ್ರಾಕ್ಟು ಹಿಡ್ದಿರೋ ಒಬ್ಬರ ಹತ್ರ ಲಾರಿ ಓಡ್ಸೋ ಕೆಲಸ ಗೊತ್ತಾಗ್ಯದೆ. ಕೆಲಸ ಮುಂದಕ್ಕೆ ಹೋದಂಗೆ ಬಿಡಾರಾನೂ ಮುಂದಕ್ಕೆ ಹೋಗ್ತದೆ. ಅದ್ಕೇ ಈ ಗಾಡಿ ತಂದೆ. ಇದ್ರಲ್ಲೇ ಇರೋದು, ಇದ್ರಲ್ಲೇ ಮಲಗೋದು. ಸಂಕ್ರಾಂತಿ ಆದ್ಮೇಲೆ ಹೋಗ್ಬೇಕು."

"ಒಬ್ನೇ ಏನ್ ಬೇಯಿಸ್ಕೊಂಡು ತಿಂತೀಯೋ?" ಎಂದಳು ಅಮ್ಮಯಮ್ಮ.

"ಒಬ್ನೇ ಅಲ್ಲವ್ವ. ಅವಳನ್ನೂ ಕರ್ಕೊಂಡೋಗ್ತೀನಿ."

ಗಂಗಣ್ಣ ಮುದ್ದೆ ಮುರಿಯುವುದನ್ನು ನಿಲ್ಲಿಸಿದ. "ಕಣದ ಕೆಲಸ ತಲೆ ಮೇಲೆ ಕೂತದೆ. ಇದ್ದ ಎರಡು ಆಳೂ ಗಾಡಿ ಹತ್ಕೊಂಡೋದ್ರೆ ರಾಗಿ ಯಾರ್ಲಾ ಒಕ್ಕೋದು?"

"ನಾನೇನು ಆಳೇನಣ್ಣ?"

"ಆಳಲ್ದೆ ದೊರೆನಾ? ನಾನೂ ಆಳೇ."

ಅಮ್ಮಯಮ್ಮ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಕಣದ ಮಾತು ಆಮೇಲಾಡಿ. ನಮ್ಮನೆ ಸೊಸೆ ರಸ್ತೆ ಬದೀಲಿ ಸಂಸಾರ ಮಾಡೋದಾ? ಅದೂ ಎಂಥಾದ್ರಲ್ಲಿ? ಬೆಳಿಗ್ಗೆ ನೋಡ್ಬಂದೆ ನಾನು. ಒಳಗೆಲ್ಲ ಬರೀ ಕಬ್ಬಿಣದ ತಗಡು. ಆ ತಗಡಿನ ಮೇಲೆ ಎಷ್ಟು ಮಕ್ಕಳ ಜೀವ ಹೋಗ್ಯದೋ! ಅದ್ರ ಮೇಲೆ ಒಲೆ ಹಚ್ಚಿ ಅನ್ನ ಬೇಯಿಸ್ತಾರಾ?"

"ಅಂಥ ಗಾಡೀನ ಎರಡು ವರ್ಷ ನಾನೇ ಓಡ್ಸೀನಿ. ಸತ್ತೋರಿಗಿಂತ ಬದುಕ್ದೋರೇ ಜಾಸ್ತಿ ಕಣವ್ವ."

"ಬದುಕ್ದೋರು ಎದ್ದೋದ್ರು. ಸತ್ತೋರು ಎಲ್ಲೋದ್ರು?"

ಅಡಿಗೆಮನೆಯ ಬಾಗಿಲ ಸಂದಿನಿಂದ ಪಿಳ್ಳಮ್ಮನ ದನಿ ಬಂತು.

"ನಾನು ಹೋಗ್ತೀನಿ ಮಾವ."

ಗಂಡಸರ ಊಟದ ಹೊತ್ತಿನಲ್ಲಿ ಆ ಮನೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. "ಐದು ವರ್ಷ ಇವರು ಬದುಕವ್ರೋ ಇಲ್ವೋ ಗೊತ್ತಿಲ್ದಂಗೆ ಕಾದಿದ್ದೀನಿ. ಇನ್ನು ಕಾಯಾಕಾಗಲ್ಲ. ಗಾಡೀಲಿರ್ಲಿ, ಬಯಲಲ್ಲಿರ್ಲಿ, ಹೋಗ್ತೀನಿ."

ಮುನಿವೆಂಕಟಪ್ಪ ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈ ತೊಳೆದು, ಎಲೆಅಡಿಕೆ ಬಾಯಿಗೆ ಹಾಕಿಕೊಳ್ಳುವ ತನಕ ಮನೆಯೆಲ್ಲ ಕಾದಿತ್ತು.

"ನಿಮ್ಮವ್ವ ಹೇಳೋದೂ ಸರಿಯಾಗೇ ಅದೆ," ಎಂದ ಕೊನೆಗೆ. "ಆ ತಗಡು ಕಣ್ಣಿಗೆ ಬೀಳ್ಬಾರ್ದು, ಕಾಲಿಗೂ ತಾಗ್ಬಾರ್ದು. ಅದ್ರ ಮೇಲೆ ಬೇರೆ ನೆಲ ಮಾಡು. ನೆಲ ಆದ್ರೆ ಕರ್ಕೊಂಡೋಗು. ಆಗ್ಲಿಲ್ಲ ಅಂದ್ರೆ ಅವಳು ಇಲ್ಲೇ ಇರ್ಲಿ, ನೀನು ಹೋಗಿ ಬಂದು ಮಾಡು."

ಹೀಗೆ ಪಿಳ್ಳಮ್ಮನ ಸಂಸಾರ ಒಂದು ನೆಲಕ್ಕೆ ಬಂದು ನಿಂತಿತು.

ಗಾಡಿಯೊಳಗೆ ಎಂಥ ನೆಲ ಮಾಡುವುದು ಎಂಬುದರ ಮೇಲೆ ಊರಿನವರಿಗೆಲ್ಲ ಅಭಿಪ್ರಾಯವಿತ್ತು. ಕೇಳದೆಯೇ ಬಂದು ಹೇಳಿದರು. ಮಣ್ಣು ತುಂಬಿ ತಟ್ಟಿ ಎಂದ ಮುನಿಶಾಮಪ್ಪ. ಮೊದಲ ಹಳ್ಳಕ್ಕೇ ಬಿರುಕು ಬಿಡುತ್ತದೆ ಎಂದು ಅವನ ಹೆಂಡತಿಯೇ ಬಾಯಿ ಮುಚ್ಚಿಸಿದಳು. ಕಲ್ಲು ಹಾಸಿದರೆ ಗಾಡಿ ಏಳುವುದಿಲ್ಲ. ಈಚಲ ಚಾಪೆ ಹಾಸಿದರೆ ಅದು ನೆಲವಾಗುವುದಿಲ್ಲ, ಹಾಸಿಗೆಯಾಗುತ್ತದೆ. ಉಳಿದದ್ದು ಮರ.

ಮರ ಇತ್ತು. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರವನ್ನು ಕೊಯ್ಯಿಸಿ, ಹಲಗೆಗಳನ್ನು ಅಡಿಗೆಮನೆಯ ಮೇಲಿನ ತೊಲೆಗಳಿಗೆ ಅಡ್ಡಲಾಗಿ ಜೋಡಿಸಿಟ್ಟಿದ್ದರು. ಒಲೆಯ ಹೊಗೆಗೆ ಅವು ಒಣಗಿ, ತಟ್ಟಿದರೆ ಟಣ್ ಎನ್ನುತ್ತಿದ್ದವು. ಆದರೆ ಅವು ಗಂಗಣ್ಣ ಕಟ್ಟಬೇಕೆಂದಿದ್ದ ಹೊಸ ಕೋಣೆಯ ಬಾಗಿಲು, ಅಟ್ಟಕ್ಕೆಂದು ತೆಗೆದಿಟ್ಟವು.

"ಅದನ್ನ ಮುಟ್ಟಂಗಿಲ್ಲ," ಎಂದ ಗಂಗಣ್ಣ. "ಮನೆಗೆ ಅಂತ ಇಟ್ಟಿರೋದು."

"ಇದೂ ಮನೇನೇ ಅಲ್ವಣ್ಣ?"

"ಚಕ್ರ ಇರೋದು ಮನೆ ಹೆಂಗಾಗ್ತದ್ಲಾ?"

ಮುನಿತಾಯಮ್ಮ ಪಿಳ್ಳಮ್ಮನನ್ನು ಹಿತ್ತಿಲಿಗೆ ಕರೆದಳು. ಅವಳಿಗೆ ಹಲಗೆ ಬಿಟ್ಟುಕೊಡಲು ಮನಸ್ಸಿರಲಿಲ್ಲ, ಆದರೆ ಇನ್ನೊಂದು ವಿಷಯ ತಲೆ ಕೊರೆಯುತ್ತಿತ್ತು.

"ಅಲ್ಲ ಕಣೆ, ಮರದ ನೆಲ ಅಂದ್ರೆ ಸಾರ್ಸೋದು ಹೆಂಗೆ?"

"ಸಾರ್ಸೋ ಹಂಗಿಲ್ವಂತಕ್ಕ. ಇವರು ಹೇಳ್ತಿದ್ರು, ಅಲ್ಲೆಲ್ಲೋ ದೊರೆಗಳ ಬಂಗ್ಲೇಲಿ ಮರದ ನೆಲ ಇತ್ತಂತೆ. ಬರೀ ಒಣಬಟ್ಟೇಲಿ ಒರೆಸ್ತಾರಂತೆ."

"ಒರೆಸಿದ್ರೆ ಆಗೋಯ್ತಾ?"

"ಆಗೋಯ್ತಂತೆ."

ಮುನಿತಾಯಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. ಪಿಳ್ಳಮ್ಮ ಬರುವ ಮೊದಲು ಆ ಮನೆಯನ್ನೆಲ್ಲ ಸಾರಿಸಿದ ಕೈಗಳು ಅವು. ಪಿಳ್ಳಮ್ಮ ಹೋದ ಮೇಲೆ ಮತ್ತೆ ಸಾರಿಸಬೇಕಾದವೂ ಅವೇ. "ಸಾರ್ಸದೆ ಇರೋ ನೆಲ ಅಂತ ಒಂದು ಲೋಕದಲ್ಲಿ ಇದ್ರೆ ಅದನ್ನೊಂದ್ಸಲ ನೋಡ್ಬೇಕು ಕಣೆ ನಾನು," ಎಂದಳು. ಅವಳು ಗಂಡನಿಗೆ ಏನು ಹೇಳಿದಳೋ, ಮಾರನೆಯ ದಿನ ಗಂಗಣ್ಣ ತಾನೇ ಏಣಿ ಹಾಕಿ ಹಲಗೆಗಳನ್ನು ಇಳಿಸಿದ. ಇಳಿಸುವಾಗ ಒಂದೊಂದು ಹಲಗೆಗೂ ಒಂದೊಂದು ಸಲ ಗೊಣಗಿದ.

ವಿಜಯಪುರದಿಂದ ಬಡಗಿ ಕೊಂಡಾಚಾರಿ ಬಂದ. ಗಾಡಿಯೊಳಕ್ಕೆ ಹತ್ತಿ ಕೂತು, ಗಾಯಾಳುಗಳ ಡೋಲಿ ನಿಲ್ಲಿಸುವುದಕ್ಕೆಂದು ತಗಡಿನ ಮೇಲೆ ಬಿಗಿದಿದ್ದ ಕಬ್ಬಿಣದ ಪಟ್ಟಿಗಳನ್ನು ಕೈಯಿಂದ ಸವರಿ ನೋಡಿದ.

"ಬಾಗ್ಲು ಮಾಡೀನಿ, ಅಟ್ಟ ಮಾಡೀನಿ. ಎತ್ತಿನ ಗಾಡಿಗೆ ಹಲಗೆ ಹಾಸೀನಿ. ಆದ್ರೆ ಅದ್ರ ಮೇಲೆ ಗೊಬ್ಬರ ಹೇರ್ತಾರೆ, ಸಂಸಾರ ಮಾಡಲ್ಲ. ಇದು ಹೊಸದು ಕಣಪ್ಪ."

"ಅಟ್ಟಾನೇ ಕೆಳಕ್ಕಿಳಿಸ್ದೆ ಅಂದ್ಕೊಳ್ಳಿ ಆಚಾರ್ರೇ."

"ಅಟ್ಟ ಓಡಾಡಲ್ವಲ್ಲಪ್ಪ."

ಆ ಮಾತು ನಿಜವೆಂದು ಬೇಗ ಗೊತ್ತಾಯಿತು. ತಗಡಿನ ಮೇಲೆ ಅಡ್ಡಪಟ್ಟಿ ಕೂರಿಸಿ, ಅದರ ಮೇಲೆ ಹಲಗೆ ಹಾಸಿ ಮೊಳೆ ಹೊಡೆದದ್ದಾಯಿತು. ಪರೀಕ್ಷೆಗೆಂದು ಅಪ್ಪಯ್ಯಣ್ಣ ಗಾಡಿಯನ್ನು ವಿಜಯಪುರದವರೆಗೆ ಓಡಿಸಿದ. ಮುನಿವೆಂಕಟಪ್ಪ ತಾನೂ ಬರುತ್ತೇನೆಂದು ಹಿಂದೆ ಹತ್ತಿ, ಹಲಗೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತ. ಕೆರೆ ಏರಿ ದಾಟುವಷ್ಟರಲ್ಲಿ ಹಲಗೆಗಳು ಹಲ್ಲು ಕಡಿಯತೊಡಗಿದವು. ವಿಜಯಪುರ ಸೇರುವಾಗ ಮೊಳೆಗಳು ತಲೆಯೆತ್ತಿದ್ದವು. ಮುನಿವೆಂಕಟಪ್ಪ ಇಳಿದು ಪಂಚೆಯ ಹಿಂಭಾಗ ಮುಟ್ಟಿ ನೋಡಿಕೊಂಡ. ಎರಡು ಕಡೆ ಹರಿದಿತ್ತು.

"ನೆಲ ಹೆಂಗದೆ ಮಾವ?" ಎಂದು ಪಿಳ್ಳಮ್ಮ ಆತಂಕದಿಂದ ಕೇಳಿದಳು, ಅವನು ಮನೆಗೆ ಬಂದ ಮೇಲೆ.

"ಕಚ್ತದಮ್ಮ," ಎಂದ.

ಮೊಳೆ ತೆಗೆದು ಬೋಲ್ಟು ಹಾಕಬೇಕೆಂದು ಅಪ್ಪಯ್ಯಣ್ಣ ಹೇಳಿದ. ಮಿಲಿಟರಿ ಲಾರಿಗಳಲ್ಲಿ ಹಾಗೆಯೇ ಇತ್ತಂತೆ. ಬೆಂಗಳೂರಿನ ಗುಜರಿಯಿಂದ ಒಂದು ಚೀಲ ಬೋಲ್ಟು ಬಂತು. ಕೊಂಡಾಚಾರಿಗೂ ಹಟ ಹಿಡಿಯಿತು. ಒಂದು ಹಲಗೆಯ ಅಂಚು ಇನ್ನೊಂದರ ಅಂಚಿನೊಳಗೆ ಹೋಗಿ ಕೂರುವಂತೆ ಕೊರೆದ. ಸುತ್ತಿಗೆಯಿಂದ ಬಡಿದು ಬಡಿದು ಬಿಗಿದ. ಕೊನೆಯ ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸುವುದಕ್ಕೆ ಅಣ್ಣತಮ್ಮಂದಿರಿಬ್ಬರೂ ಕಾಲು ಕೊಟ್ಟು ನೂಕಬೇಕಾಯಿತು. ಹಿಂಬಾಗಿಲ ಹತ್ತಿರ ಒಂದು ಸಣ್ಣ ಕಲ್ಲುಚಪ್ಪಡಿ ಕೂರಿಸಿದರು. ಇದ್ದಿಲ ಒಲೆ ಅದರ ಮೇಲೆ.

"ಸೂಜಿ ತೂರ್ಸಿ ನೋಡಿ ಬೇಕಾದ್ರೆ," ಎಂದ ಕೊಂಡಾಚಾರಿ, ಜಂಬದಿಂದ.

ಮತ್ತೆ ಊರೆಲ್ಲ ಬಂತು. ಹೊಗೆಮಸಿ ಹೆರೆದ ಹಲಸಿನ ಹಲಗೆ ಅರಿಶಿನದ ಬಣ್ಣಕ್ಕೆ ಹೊಳೆಯುತ್ತಿತ್ತು. ಹತ್ತಿದವರಿಗೆ ಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಲಸಿನ ಹಲಗೆಯೆಂದರೆ ನಮ್ಮ ಕಡೆ ಊಟಕ್ಕೆ ಕೂರುವ ಮಣೆ. ಅದರ ಮೇಲೆ ನಡೆದಾಡಿ ಯಾರಿಗೆ ಗೊತ್ತು? ಬಂದವರೆಲ್ಲ ಹತ್ತಿದೊಡನೆ ಗೋಡೆಗೆ ಒರಗಿ ಸಾಲಾಗಿ ಕೂತುಬಿಟ್ಟರು.

"ಎಲೆ ಹಾಕ್ರಪ್ಪ ಇನ್ನ!" ಎಂದು ಪಕ್ಕದ ಮನೆಯ ಪಾಪಕ್ಕ ಕೂಗಿದಳು. ಎಲ್ಲರೂ ನಕ್ಕರು. ಮುನಿತಾಯಮ್ಮ ಮಾತ್ರ ಕೂರಲಿಲ್ಲ. ಈ ಮೂಲೆಯಿಂದ ಆ ಮೂಲೆಗೆ ಬರಿಗಾಲಲ್ಲಿ ನಡೆದಳು, ಬಗ್ಗಿ ಅಂಗೈಯಿಂದ ಸವರಿದಳು. "ಧೂಳೇ ಏಳಲ್ವಲ್ಲೇ," ಎಂದಳು ಪಿಳ್ಳಮ್ಮನಿಗೆ, ಗುಟ್ಟು ಹೇಳುವ ದನಿಯಲ್ಲಿ.

ನೋಡಲು ಬಾರದವಳು ಅಮ್ಮಯಮ್ಮ ಒಬ್ಬಳೇ. ಕಣದಲ್ಲಿ ಸಗಣಿ ಬಗ್ಗಡ ಹಾಕಿಸುವ ಕೆಲಸವಿದೆ ಎಂದು ಹೇಳಿ ಹೋಗಿಬಿಟ್ಟಿದ್ದಳು.

ಸಂಕ್ರಾಂತಿ ಕಳೆಯಿತು. ಅದೇ ವಾರ ಕೆಲಸಕ್ಕೆ ಬರಬೇಕೆಂದು ಕಂಟ್ರಾಕ್ಟರು ಹೇಳಿಕಳುಹಿಸಿದ. ಹೊರಡುವ ಮೊದಲು ತವರಿಗೆ ಹೇಳಿಬರಲು ಪಿಳ್ಳಮ್ಮ ಗಂಡನೊಡನೆ ಜಡಿಗೇನಹಳ್ಳಿಗೆ ಹೋದಳು. ಗಾಡಿಯನ್ನು ಮರದ ಕೆಳಗೇ ಬಿಟ್ಟು ಬಸ್ಸಿನಲ್ಲಿ ಹೋದರು. ಪೆಟ್ರೋಲಿಗೆ ಆಗ ರೇಷನ್ನು. ಒಂದು ರಾತ್ರಿ ಇದ್ದು, ತಾಯಿ ಕೊಟ್ಟ ಎರಡು ಪಾತ್ರೆ, ಒಂದು ಕಂಬಳಿ ಹೊತ್ತುಕೊಂಡು ಮಾರನೆಯ ಮಧ್ಯಾಹ್ನ ಬಂದರು.

ಪಿಳ್ಳಮ್ಮ ಮನೆಯೊಳಕ್ಕೂ ಹೋಗದೆ ಪಾತ್ರೆಗಳನ್ನು ಇಡಲು ನೇರ ಗಾಡಿಯ ಹತ್ತಿರ ಹೋದಳು. ಬಾಗಿಲು ತೆಗೆಯಲು ಬರಲಿಲ್ಲ. ಅಪ್ಪಯ್ಯಣ್ಣ ಕಾಲು ಕೊಟ್ಟು ಎಳೆದ. ಕರ್ರೆಂದು ಬಾಗಿಲು ಕಿತ್ತುಕೊಂಡಿತು. ಒಳಗಿನಿಂದ ಸಗಣಿಯ ಹಸಿ ವಾಸನೆ ಬಂತು.

ನೆಲ ಮಧ್ಯದಲ್ಲಿ ಹಪ್ಪಳದ ಹಾಗೆ ಉಬ್ಬಿ ಎದ್ದಿತ್ತು. ಒಂದು ಹಲಗೆ ಬೋಲ್ಟಿನ ಹತ್ತಿರ ಸೀಳಿ ಓರೆಯಾಗಿ ನಿಂತಿತ್ತು. ಅಂಚಿನ ಹಲಗೆಗಳು ಬಾಗಿಲನ್ನು ಒತ್ತಿ ಹಿಡಿದಿದ್ದವು. ಎಲ್ಲದರ ಮೇಲೂ ಸಗಣಿ. ಒಂದು ಸಲ ಅಲ್ಲ, ಎರಡು ಮೂರು ಸಲ ನೀರು ಹೊಯ್ದು ಸಾರಿಸಿದ ಸಗಣಿ.

ಪಿಳ್ಳಮ್ಮನ ಕೈಯಿಂದ ಪಾತ್ರೆ ಬಿತ್ತು. ಸದ್ದಿಗೆ ಮನೆಯವರೆಲ್ಲ ಹೊರಗೆ ಬಂದರು.

"ಯಾರು ಮಾಡಿದ್ದು ಇದನ್ನ?"

"ನಾನು," ಎಂದಳು ಅಮ್ಮಯಮ್ಮ. ಉಬ್ಬಿದ ನೆಲವನ್ನು ಅವಳೂ ಆಗ ತಾನೇ ನೋಡಿದ್ದು, ಮುಖ ಬಿಳಿಚಿಕೊಂಡಿತು. "ಒಲೆ ಹೂಡೋ ಜಾಗ, ಸಾರಿಸ್ದೆ ಬಿಡೋಕಾಯ್ತದಾ..."

"ಇದು ಸಾರ್ಸೋ ನೆಲ ಅಲ್ಲ ಅಂತ ಊರಿಗೆಲ್ಲ ಗೊತ್ತು. ನಿಮಗೆ ಗೊತ್ತಿಲ್ವಾ ಅತ್ತೆ?" ಪಿಳ್ಳಮ್ಮನಿಗೆ ಮೈಮೇಲೆ ಪ್ರಜ್ಞೆಯಿರಲಿಲ್ಲ. "ನಾನು ಹೋಗೋದು ನಿಮಗಿಷ್ಟ ಇಲ್ಲ. ಬೇಕೂಂತ್ಲೇ ಮಾಡಿದ್ರಿ. ನೆಲ ಕೆಟ್ರೆ ಸೊಸೆ ಇಲ್ಲೇ ಬಿದ್ದಿರ್ತಾಳೆ ಅಂತ ಮಾಡಿದ್ರಿ!"

ಅಮ್ಮಯಮ್ಮ ಒಂದು ಗಳಿಗೆ ಸೊಸೆಯನ್ನು ನೋಡಿದಳು. ಐವತ್ತು ದಾಟಿದ ಹೆಂಗಸು. ಆ ಮನೆಯಲ್ಲಿ ಅವಳಿಗೆ ಎದುರು ನಿಂತು ಕೂಗಿದವರಿರಲಿಲ್ಲ. "ಹೂಂ," ಎಂದಳು. "ಬೇಕೂಂತ್ಲೇ ಮಾಡ್ದೆ. ಏನಿವಾಗ?"

ಎಂದವಳೇ ಒಳಗೆ ಹೋದಳು.

ಆಮೇಲೆ ಆ ಮನೆಯಲ್ಲಿ ಮಾತು ಸತ್ತಿತು. ಅಮ್ಮಯಮ್ಮ ಮುದ್ದೆ ತಿರುವಿ ಇಡುತ್ತಿದ್ದಳು, ಪಿಳ್ಳಮ್ಮ ಎತ್ತಿಕೊಂಡು ಹೋಗಿ ಬಡಿಸುತ್ತಿದ್ದಳು. ಇಬ್ಬರ ನಡುವೆ ಮುನಿತಾಯಮ್ಮನೇ ಅಂಚೆಯವಳು. "ಉಪ್ಪಿನ ಮಡಕೆ ಎಲ್ಲಿಟ್ಟವಳೋ ಕೇಳು." "ಇಟ್ಟ ಜಾಗದಲ್ಲೇ ಅದೆ ಅನ್ನಕ್ಕ." ಗಂಗಣ್ಣ ಯಾರ ಕಡೆಗೂ ಸೇರದೆ, ಹಲಗೆ ಹೋಯಿತಲ್ಲ ಎಂದು ಇಬ್ಬರನ್ನೂ ಬೈದ. ಅಪ್ಪಯ್ಯಣ್ಣ ಎರಡು ದಿನ ಗಾಡಿಯ ಮುಂದೆ ಸುಮ್ಮನೆ ಕೂತಿದ್ದು, ಮೂರನೆಯ ದಿನ ಹೆಂಡತಿಯ ಹತ್ತಿರ ಬಂದ.

"ನಾನು ಮುಂದೆ ಹೋಗಿರ್ತೀನಿ. ತಡ ಮಾಡಿದ್ರೆ ಆ ಕೆಲಸ ಇನ್ನೊಬ್ರಿಗೋಗ್ತದೆ. ಒಂದೆರಡು ತಿಂಗಳು ಬಿಟ್ಟು ನಿನ್ನ ಕರ್ಕೊಂಡೋಗ್ತೀನಿ."

"ಅವತ್ತೂ ಹಿಂಗೇ ಅಂದಿದ್ರಿ," ಎಂದಳು ಪಿಳ್ಳಮ್ಮ. "ಮಿಲಿಟರಿಗೆ ಹೋಗ್ವಾಗ."

ಅವನು ಅಂದು ಹೊರಡಲಿಲ್ಲ.

ಅವಳನ್ನು ಗಾಡಿಯ ಹತ್ತಿರ ಮತ್ತೆ ಕರೆದುಕೊಂಡು ಹೋದವಳು ಮುನಿತಾಯಮ್ಮ. "ನೀನು ಸಿಟ್ಟಲ್ಲಿ ಏನೂ ನೋಡ್ಲಿಲ್ಲ. ಈಗ ನೋಡು ಬಾ," ಎಂದು ಬಾಗಿಲು ತೆಗೆದಳು. ಸಗಣಿ ಒಣಗಿ ಸಿಪ್ಪೆಯೆದ್ದಿತ್ತು. ಕಲ್ಲುಚಪ್ಪಡಿಯ ಸುತ್ತ ಬಿಳಿ ಗೆರೆಗಳು ಕಂಡವು. ಎಳೆ ಎಳೆಯಾಗಿ ರಂಗೋಲಿ ಬಿಟ್ಟು, ನಡುವೆ ಅರಿಶಿನ ಕುಂಕುಮ ಇಟ್ಟಿತ್ತು. ಹಲಗೆ ಎದ್ದ ಕಡೆ ಆ ಗೆರೆಗಳೂ ತುಂಡಾಗಿದ್ದವು.

"ಕೆಡಿಸೋಕೆ ಅಂತ ಹೋದೋರು ರಂಗೋಲಿ ಬಿಡ್ತಾರೇನೆ? ನೀವು ಜಡಿಗೇನಹಳ್ಳಿಗೆ ಹೋದ್ರಲ್ಲ, ಅವತ್ತು ಅತ್ತೆ ಬೆಳಿಗ್ಗೆಯಿಂದ ಕೂಳು ಮುಟ್ಲಿಲ್ಲ. ತಾನೇ ಸಗಣಿ ತಂದ್ರು, ನನ್ನ ಕೈಲಿ ಮುಟ್ಟಿಸ್ಲಿಲ್ಲ. ಸತ್ತೋರ ನೆಲ, ಒಂದ್ಸಲ ಸಾರಿಸಿದ್ರೆ ಸಾಲ್ದು ಅಂತ ಮತ್ತೆ ಮತ್ತೆ ಸಾರಿಸಿದ್ರು. ಅಟ್ಟಾನ ಯಾರಾದ್ರೂ ಸಾರಿಸ್ತಾರಾ, ಬೇಡಿ ಅತ್ತೆ ಅಂತ ನಾನು ಅಂದೆ. 'ಅಟ್ಟದಲ್ಲಿ ಜನ ಇರಲ್ಲ, ಅದ್ಕೆ ಸಾರ್ಸಲ್ಲ. ಇದ್ರಲ್ಲಿ ನನ್ನ ಮಗ ಸೊಸೆ ಇರ್ತಾರೆ' ಅಂದ್ರು."

"ಮತ್ತೆ ಬೇಕೂಂತ್ಲೇ ಮಾಡ್ದೆ ಅಂದ್ರಲ್ಲ?"

"ಅಷ್ಟು ಜನರ ಮುಂದೆ ಸೊಸೆ ಕೈಲಿ ಅನ್ನಿಸ್ಕೊಂಡು ಇನ್ನೇನಂತಾರೆ?"

ಆ ರಾತ್ರಿ ಪಿಳ್ಳಮ್ಮ ಅತ್ತೆಯ ತಟ್ಟೆಯ ಹತ್ತಿರ ಬಗ್ಗಿ, "ಇನ್ನೊಂಚೂರು ಸಾರು ಬಿಡ್ಲಾ ಅತ್ತೆ?" ಎಂದಳು. ಅಮ್ಮಯಮ್ಮ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ತಪ್ಪಾಯಿತು ಎನ್ನುವ ಮಾತು ಪಿಳ್ಳಮ್ಮನ ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು.

ಮಾರನೆಯ ಬೆಳಿಗ್ಗೆ ಮುನಿವೆಂಕಟಪ್ಪ ಯಾರನ್ನೂ ಕೇಳದೆ ವಿಜಯಪುರಕ್ಕೆ ನಡೆದುಹೋಗಿ ಕೊಂಡಾಚಾರಿಯನ್ನು ಕರೆತಂದ. ಆಚಾರಿ ಉಬ್ಬಿದ ನೆಲವನ್ನು ನೋಡಿ ಬೈಯಬಹುದೆಂದು ಎಲ್ಲರೂ ಕಾದಿದ್ದರು. ಅವನು ಬೈಯಲಿಲ್ಲ, ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಹೊಗೆಗೆ ಒಣಗಿದ್ದ ಮರ, ನೀರು ಸಿಕ್ಕಿದ್ದಕ್ಕೆ ಕುಡಿದು ದಪ್ಪ ಆಯ್ತು," ಎಂದ. "ಅಮ್ಮಾವ್ರ ಸಗಣಿ ನೀರಿಲ್ದಿದ್ರೂ ಆಗ್ತಿತ್ತು. ಮೊದಲ್ನೇ ಮಳೇಗೇ ಏಳೋದು. ಬಿಗಿ ಮಾಡೋ ಜಂಬದಲ್ಲಿ ನಾನು ಸಂದೇ ಬಿಡ್ಲಿಲ್ಲ. ಮರಕ್ಕೂ ಒಂಚೂರು ಅತ್ತಿತ್ತ ಸರಿಯೋಕೆ ಜಾಗ ಬೇಕು."

ಒಳಗೆ ಅವರೆಕಾಳು ಹಿಸುಕುತ್ತಿದ್ದ ಅಮ್ಮಯಮ್ಮನಿಗೆ ಈ ಮಾತು ಕೇಳಿಸಿತು. ಅವಳ ಕೈ ಒಂದು ಕ್ಷಣ ನಿಂತು, ಮತ್ತೆ ನಡೆಯಿತು.

ಹಲಗೆಗಳನ್ನೆಲ್ಲ ಬಿಚ್ಚಿ, ತೊಳೆದು, ಕಣದ ಬದಿಯಲ್ಲಿ ರಾಗಿ ತೆನೆಯ ಪಕ್ಕ ಬಿಸಿಲಿಗೆ ಹಾಕಿದರು. ಕಣದ ಕೆಲಸಕ್ಕೆ ತಮ್ಮ ಸಿಕ್ಕಿದನೆಂದು ಗಂಗಣ್ಣನ ಗೊಣಗಾಟ ತಗ್ಗಿತು. ಒಂದು ವಾರ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಎತ್ತು ಕಟ್ಟಿ ಕಲ್ಲುಗುಂಡು ಹೊಡೆದು ರಾಗಿ ಒಕ್ಕಿದರು, ವಾರಗಿತ್ತಿಯರಿಬ್ಬರೂ ತೂರಿದರು, ಹಲಗೆಗಳನ್ನು ಹೊತ್ತು ಹೊತ್ತಿಗೆ ಮಗುಚಿ ಹಾಕಿದರು. ಕಂಟ್ರಾಕ್ಟರಿಗೆ ಹೇಳಿ ಹತ್ತು ದಿನದ ಗಡುವು ಕೇಳಲು ಮುನಿವೆಂಕಟಪ್ಪನೇ ಹೋದ. ಅಲ್ಲಿ ಏನು ಹೇಳಿದೆಯೆಂದು ಹೆಂಡತಿ ಕೇಳಿದರೆ, "ಮನೆಗೆ ನೆಲ ಇಲ್ಲ, ನೆಲ ಬಂದ ಕೂಡ್ಲೇ ಹುಡುಗ ಬರ್ತಾನೆ ಅಂದೆ. ಆ ಮನುಷ್ಯ ಗಾಬರಿಯಾಗಿ ಒಪ್ಪಿಬಿಟ್ಟ," ಎಂದ.

ಕೊಂಡಾಚಾರಿ ಹಲಗೆಗಳ ಅಂಚು ಹೆರೆದು, ಈ ಸಲ ಉಗುರು ಹೋಗುವಷ್ಟು ಸಂದು ಬಿಟ್ಟು ಕೂರಿಸಿದ. ಮೊದಲಿನಷ್ಟು ಚೆಂದ ಕಾಣಲಿಲ್ಲ. ಸೀಳಿದ ಹಲಗೆಗೆ ಬೇರೆ ಮರದ ತೇಪೆ ಹಾಕಿದ್ದ. ಸಗಣಿಯ ಕಲೆ ಅಲ್ಲಲ್ಲಿ ಉಳಿದಿತ್ತು. ಆದರೆ ಕೆರೆ ಏರಿಯ ಮೇಲೆ ಓಡಿಸಿದಾಗ ಹಲ್ಲು ಕಡಿಯಲಿಲ್ಲ.

ಅವರು ಹೊರಟ ದಿನ ಬುತ್ತಿ, ಹಿಟ್ಟಿನ ಚೀಲ, ಒರಳು, ಇದ್ದಿಲು ಎಲ್ಲ ಒಳಗೆ ಸೇರಿದವು. ಮುನಿತಾಯಮ್ಮ ಪಿಳ್ಳಮ್ಮನನ್ನು ತಬ್ಬಿಕೊಂಡು ಅತ್ತಳು. ಅಮ್ಮಯಮ್ಮ ಬೆಳಿಗ್ಗೆಯೇ ಅವರೆಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದಳು. ಹೇಳಿಕಳುಹಿಸಿದರೂ ಬರಲಿಲ್ಲ. ಅಪ್ಪಯ್ಯಣ್ಣ ಹೊಲದ ಹಾದಿಯಲ್ಲಿ ಗಾಡಿ ನಿಲ್ಲಿಸಿ ಮೂರು ನಾಲ್ಕು ಸಲ ಹಾರನ್ನು ಒತ್ತಿದ. ಸಾಲುಗಳ ನಡುವೆ ಒಂದು ತಲೆ ಕಂಡಿತು, ಎದ್ದು ನಿಲ್ಲಲಿಲ್ಲ. ಪಿಳ್ಳಮ್ಮ ನೋಡುತ್ತ ಕೂತಿದ್ದು, "ಹೋಗೋಣ ನಡೀರಿ," ಎಂದಳು.

ನೆಲಮಂಗಲ ದಾಟಿ, ರಸ್ತೆ ಬದಿಯ ಹೊಂಗೆ ಮರಗಳ ಕೆಳಗೆ ಬಿಡಾರ. ಸುತ್ತ ಕಲ್ಲು ಒಡೆಯುವವರ, ಮಣ್ಣು ಹೊರುವವರ ಜೋಪಡಿಗಳು. ಗಂಡ ಬೆಳಿಗ್ಗೆ ಲಾರಿ ಏರಿದರೆ ಸಂಜೆಗೆ ಮೈಯೆಲ್ಲ ಕೆಂಪು ಧೂಳಾಗಿ ಬರುತ್ತಿದ್ದ. ಪಿಳ್ಳಮ್ಮ ಬಾಗಿಲಲ್ಲಿ ನಿಲ್ಲಿಸಿ ಕಾಲು ತೊಳೆಸಿಯೇ ಒಳಗೆ ಬಿಡುತ್ತಿದ್ದಳು. ಜೋಪಡಿಗಳ ಹೆಂಗಸರು ಬಿಡುವಾದಾಗ ಬಂದು ಇಣುಕುತ್ತಿದ್ದರು, ನೆಲ ಸವರಿ ನೋಡುತ್ತಿದ್ದರು, ಮಳೆ ಬಂದರೆ ಏನಾಗುತ್ತದೆಂದು ಕೇಳುತ್ತಿದ್ದರು. ಅವಳು ಸುಖವಾಗಿದ್ದಳು. ಸಂಜೆ ಗಂಡನ ಹತ್ತಿರ ಕೂತು ಅಸ್ಸಾಮಿನ ಕಥೆ ಒಂದೊಂದಾಗಿ ಕೇಳುತ್ತಿದ್ದಳು. ಅವನೂ ಆಗ ತಾನೇ ಅವನ್ನು ಹೇಳಲು ಕಲಿಯುತ್ತಿದ್ದ. ಆದರೆ ಹೊಲದ ಸಾಲುಗಳ ನಡುವಿನ ಆ ತಲೆ ದಿನಕ್ಕೊಂದು ಸಲವಾದರೂ ಕಣ್ಣಿಗೆ ಬರುತ್ತಿತ್ತು.

ಶಿವರಾತ್ರಿಯ ಹತ್ತಿರ, ಒಂದು ಭಾನುವಾರ, ಮುದ್ದೆಗೆ ಎಸರಿಟ್ಟು ಹಿಟ್ಟು ಹಾಕಿದ್ದಳು. ಹೊರಗೆ ಮಾವನ ದನಿ ಕೇಳಿತು. ಮುನಿವೆಂಕಟಪ್ಪ ಮಗನೊಡನೆ ಮಾತಾಡುತ್ತ ಮರದ ಕೆಳಗೆ ಕೂತುಬಿಟ್ಟ. ಪಿಳ್ಳಮ್ಮ ಬಗ್ಗಿ ನೋಡಿದರೆ, ಹಿಂಬಾಗಿಲ ಮೆಟ್ಟಿಲ ಹತ್ತಿರ ಅಮ್ಮಯಮ್ಮ ನಿಂತಿದ್ದಳು. ಬಸ್ಸಿನ ಧೂಳು ಮುಖಕ್ಕೆಲ್ಲ ಮೆತ್ತಿತ್ತು. ಕಂಕುಳಲ್ಲಿ ಒಂದು ಗಂಟು. ಒಂದು ಕೈ ಬಾಗಿಲ ಮೇಲಿಟ್ಟು ಆ ನೆಲವನ್ನು ನೋಡುತ್ತಿದ್ದಳು.

ಅತ್ತೆ ಈಗ ಹತ್ತಿ ಬರುತ್ತಾಳೆ, ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ, ಹಿಟ್ಟು ಹೆಚ್ಚಾಯಿತು ಎನ್ನುತ್ತಾಳೆ ಎಂದು ಪಿಳ್ಳಮ್ಮ ಕಾದಳು. ಅಮ್ಮಯಮ್ಮ ಹತ್ತಲಿಲ್ಲ.

"ಒಳಕ್ಕೆ ಬರ್ಲಾ?" ಎಂದಳು.

ಪಿಳ್ಳಮ್ಮ ತಿರುವುತ್ತಿದ್ದ ಕೋಲನ್ನು ಬಿಟ್ಟಳು. ಬಾಳಿನಲ್ಲಿ ಅವಳನ್ನು ಯಾರೂ ಆ ಮಾತು ಕೇಳಿರಲಿಲ್ಲ. ಇದು ನಿನ್ನ ಮನೆ ಎಂದು ಗಂಡ ನೂರು ಸಲ ಹೇಳಿದ್ದ. ಅದು ನಿಜವೆಂದು ಅವಳಿಗೆ ತಿಳಿದದ್ದು ಈಗ.

"ಏನತ್ತೆ ಇದು, ಕೇಳ್ತೀರಲ್ಲ..."

"ಕೇಳ್ದೆ ಒಂದ್ಸಲ ಬಂದು ಏನಾಯ್ತು ಅಂತ ನೋಡ್ಲಿಲ್ವಾ?"

ಪಿಳ್ಳಮ್ಮನಿಗೆ ನಗುವೂ ಬಂತು, ಅಳುವೂ ಬಂತು. "ನಂದು ತಪ್ಪಾಯ್ತತ್ತೆ. ಬನ್ನಿ," ಎಂದು ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಾಚಿದಳು. ಅಮ್ಮಯಮ್ಮ ಆ ಕೈ ಹಿಡಿದು ಮೇಲಕ್ಕೆ ಹತ್ತಿದಳು.